ಅಟ್ಟದಿಂದ ಇಳಿದ ನಕ್ಷತ್ರ

ಖಡಕಿ, ಪುಣೆ
೯ ಡಿಸೆಂಬರ್ ೨೦೦೩

ಪ್ರೀತಿಯ ಅಣ್ಣ,

ಕರ್ತನಲ್ಲಿ ವಂದನೆ. ಹೋದ ವಾರದ ನನ್ನ ಪತ್ರವನ್ನು ಹರಿದುಹಾಕು. ಚರ್ಚಿನ ಸಭೆಯಲ್ಲಿ ಓದಿದ್ದರೆ, ತಂಗಿ ತಪ್ಪು ತಿಳಿದಿದ್ದಳು ಎಂದು ನೀನೇ ಹೇಳಿಬಿಡು.

ಮೇಲಿನ ಕೋಣೆಗೆ ಬಾಡಿಗೆಗೆ ಬಂದ ಇಂಗ್ಲೆಂಡಿನ ಹುಡುಗಿ ಜಿಲಿಯನ್‌ಳ ಕೊರಳ ಸರದಲ್ಲಿ ಪುಟ್ಟ ಬಳೆಯೊಳಗಿನ ಐದು ಮೂಲೆಯ ನಕ್ಷತ್ರವಿದೆ, ಅದು ಸೈತಾನನ ಗುರುತು ಎಂದು ಬರೆದಿದ್ದೆನಲ್ಲ? ಬಿಟ್ಟುಹೋಗು ಎನ್ನಲು ಧೈರ್ಯವಿಲ್ಲದೆ ದಿನಾ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಕೀರ್ತನೆ ಓದಿದೆ. ಅವಳು, ಹಾಡು ಚೆನ್ನಾಗಿದೆ ಎಂದಳು.

ನಿನ್ನೆ ನಮ್ಮ ಕ್ರಿಸ್ಮಸ್ ನಕ್ಷತ್ರವನ್ನು ಅಟ್ಟದಿಂದ ಇಳಿಸಿದೆ. ಕಾಗದವನ್ನೆಲ್ಲ ಇಲಿ ತಿಂದು ಬಿದಿರ ಕಡ್ಡಿಗಳಷ್ಟೇ ಉಳಿದಿದ್ದವು. ಐದು ಮೂಲೆ, ಸುತ್ತಲೂ ಒಂದು ಬಳೆ. ಜಿಲಿಯನ್ ಓಡಿಬಂದು ನನ್ನನ್ನು ತಬ್ಬಿಕೊಂಡು, ತನ್ನ ಅರೆಬರೆ ಮರಾಠಿಯಲ್ಲಿ, "ನೀವೂ ನಮ್ಮ ವಿಕ್ಕಾ ಧರ್ಮದವರೇ?" ಎಂದು ಕೇಳಿದಳು. ವಿಕ್ಕಾ ಎಂದರೆ ಪ್ರಕೃತಿಯನ್ನು ಪೂಜಿಸುವ ಧರ್ಮವಂತೆ.

ಅವರಲ್ಲಿ ಆ ಐದು ಮೂಲೆಗಳೆಂದರೆ ನೆಲ, ನೀರು, ಬೆಂಕಿ, ಗಾಳಿ, ಆತ್ಮವಂತೆ. ಸೈತಾನ ಎಲ್ಲಿ ಎಂದು ಕೇಳಿದೆ. "ಅವನು ನಿಮ್ಮ ಪುಸ್ತಕದಲ್ಲಿದ್ದಾನೆ, ನಮ್ಮಲ್ಲಿಲ್ಲ" ಎಂದಳು. ಕೇಳುತ್ತ ನಿಂತಿದ್ದ ಕೆಳಗಿನ ಮನೆಯ ಕಲ್ಲವ್ವ, "ಬಾಯಾರ, ಇವು ನಮ್ಮ ಪಂಚಭೂತನ ಅಲ್ಲೇನ್ರಿ? ಇಷ್ಟಕ್ಕ ಭಾಳ ಹೆದರಿದ್ರಿ" ಎಂದು ನಕ್ಕಳು.

ಅಣ್ಣ, ಆ ನಕ್ಷತ್ರ ಬಾಗಬಾರದೆಂದು ಸುತ್ತಲೂ ಬಳೆ ಬಿಗಿದವನು ನೀನೇ, ಹತ್ತನೇ ಇಯತ್ತೆಯಲ್ಲಿ ಓದುವಾಗ.

ಗದಗಿನಿಂದ ಹೊರಡುವುದನ್ನು ಮಾತ್ರ ನಿಲ್ಲಿಸಬೇಡ. ನಾನು ತರಹೇಳಿದ್ದ ದೆವ್ವ ಬಿಡಿಸುವ ಎಣ್ಣೆಯ ಸೀಸೆ ಬೇಡ, ನಾಲ್ಕು ಹಾಳೆ ಕೆಂಪು ಕಾಗದ ತಾ. ಅಂಟಿಸುವ ಕೆಲಸವನ್ನು ಜಿಲಿಯನ್ ವಹಿಸಿಕೊಂಡಿದ್ದಾಳೆ.

ನಿನ್ನ ತಂಗಿ,
ಕರುಣಾವತಿ