ಒಂದಿಂಚು ಹೆಚ್ಚಿನ ಬಟ್ಟೆ

ಹೊಲಿಗೆ ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೧೨, ಬುಧವಾರ ಬೆಳಿಗ್ಗೆ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಆಸ್ಪತ್ರೆಯ ಊಟ ಸೇರುತ್ತಿದೆಯೇ? ಬಲಗೈಯ ಜೋಮು ಸ್ವಲ್ಪವಾದರೂ ಇಳಿಯಿತೇ? ಇಲ್ಲಿ ನಾನೂ ನಿಮ್ಮ ಅಮ್ಮನೂ ಚೆನ್ನಾಗಿದ್ದೇವೆ. ಅತ್ತೆಗೆ ಮಂಡಿನೋವು ಇದ್ದೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ಪಕ್ಕದ ಹಾಸಿಗೆಯವರ ಕೈಲಿ ಬರೆಸಿದ ನಿಮ್ಮ ಪತ್ರ ಸೋಮವಾರ ಬಂತು. ಲಕ್ವ ಹೊಡೆದ ಕೈ ಇನ್ನು ಕತ್ತರಿ ಹಿಡಿಯುವುದಿಲ್ಲ, ನನ್ನ ಮೆಷಿನ್ ಮಾರಿಬಿಡು ಎಂದಿದ್ದೀರಿ. ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಮಂಚದ ಕೆಳಗೆ ಎಸೆದಿರೆಂದು ನರ್ಸಮ್ಮ ಫೋನಿನಲ್ಲಿ ಹೇಳಿದರು. ಭಲೇ! ಯಾವ ಕೈಲಿ ಎಸೆದಿರಿ ಎಂದು ಅವರನ್ನು ಕೇಳುವುದನ್ನು ಮರೆತೆ. ಪತ್ರ ಓದಿ ಮೈಯೆಲ್ಲ ಉರಿದುಹೋಯಿತು. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಮೆಷಿನ್ ಮಾರುವುದಿಲ್ಲ.

ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಕಿಟಕಿಯ ಬಳಿ ಮೊಣಕಾಲೂರಿದ್ದೇನೆ. ಅತ್ತೆ ಪಕ್ಕದಲ್ಲಿ ಸ್ಟೂಲಿನ ಮೇಲೆ. ಅವರ ಪ್ರಾರ್ಥನೆ ಟೈಲರಿಗೆ ಅಳತೆ ಕೊಟ್ಟ ಹಾಗೆ: "ಕರ್ತನೇ, ನನ್ನ ಮಗನ ಬಲಗೈ ಬೇಕು. ಹೆಬ್ಬೆರಳೂ ಸೇರಿ. ಮರೀಬೇಡ." ನಾನೋ, ಗಿರಾಕಿ ದಪ್ಪಗಾದರೆ ಇರಲಿ ಎಂದು ಒಳಹೊಲಿಗೆಯಲ್ಲಿ ಒಂದಿಂಚು ಬಟ್ಟೆ ಬಿಡುವವಳು. ಪ್ರಾರ್ಥನೆಯಲ್ಲೂ ಹಾಗೇ ಬಿಡುತ್ತಿದ್ದೆ: "ವಾಸಿ ಮಾಡು ತಂದೆ, ಆಗ್ದಿದ್ರೂ ಹೇಗೋ ನಿಭಾಯಿಸ್ತೀನಿ." ಅದನ್ನು ವಿನಯ ಎಂದುಕೊಂಡಿದ್ದೆ. ಅಲ್ಲ ರೀ, ಅದು ಹೆದರಿಕೆ. ಪೂರ್ತಿ ಕೇಳಿ ಕೊಡದಿದ್ದರೆ ದೇವರ ಮೇಲೆ ಮುನಿಸು ಬರುತ್ತದಲ್ಲ, ಅದಕ್ಕೆ ಅರ್ಧ ಕೇಳುವುದು.

ನಿನ್ನೆಯಿಂದ ಪೂರ್ತಿ ಕೇಳುತ್ತಿದ್ದೇನೆ. ಕೈ ಮೊದಲಿನ ಹಾಗೇ ಆಗುತ್ತದೋ, ಗುಂಡಿ ಹಾಕುವಷ್ಟೇ ಆಗುತ್ತದೋ, ಅದು ಅವನಿಗೆ ಬಿಟ್ಟದ್ದು. ಕೇಳುವುದು ನನ್ನ ಕೆಲಸ, ಚೆಂಡು ಹಿಸುಕುವುದು ನಿಮ್ಮ ಕೆಲಸ. ಬೆಳಿಗ್ಗೆ ಆರೂವರೆಗೆ ನಾನು ಇಲ್ಲಿ ಕಣ್ಣು ಮುಚ್ಚಿದಾಗ ನೀವು ಅಲ್ಲಿ ಬೆರಳು ಮಡಚಬೇಕು. ತಪ್ಪಿಸಿದರೆ ನನಗೆ ಗೊತ್ತಾಗುತ್ತದೆ, ನರ್ಸಮ್ಮ ನನ್ನ ಕಡೆಯವರು. ಹಾಂ, ನಮ್ಮ ಚರ್ಚಿನ ಗಾಯನ ತಂಡಕ್ಕೆ ಹನ್ನೆರಡು ನಿಲುವಂಗಿ ಒಪ್ಪಿಕೊಂಡಿದ್ದೇನೆ. ಕಾಲರ್ ಕೂರಿಸಲು ನನಗೆ ಬರುವುದಿಲ್ಲ, ನಿಮಗೇ ಗೊತ್ತು. ಹನ್ನೆರಡೂ ಕಾಲರ್ ಇಲ್ಲದೆ ನಿಮಗಾಗಿ ನೇತಾಡುತ್ತಿವೆ.

ಅತ್ತೆ ಆಶೀರ್ವಾದ ಹೇಳಿದ್ದಾರೆ. ಕರ್ತನು ನಿಮ್ಮ ಮಂಚದ ಬಳಿಯೇ ಇರಲಿ, ಚೆಂಡು ಎಸೆದಾಗಲೆಲ್ಲ ಎತ್ತಿಕೊಡಲಿ.

ಇಂತಿ,
ನಿಮ್ಮ ಸಿಡುಕಿ

ಮರೆತದ್ದು: ಮರೆತದ್ದಲ್ಲ, ಬರೆಯಲು ನಾಚಿಕೆಯಾಗಿದ್ದು. ಮೆಷಿನ್ ಮಾರು ಎಂದು ನೀವು ಈಗ ಹೇಳುತ್ತಿದ್ದೀರಿ. ನೀವು ಆಸ್ಪತ್ರೆ ಸೇರಿದ ಎರಡನೇ ವಾರವೇ, ಇನ್ನು ಇದು ನಿಮಗೆ ಬೇಕಾಗುವುದಿಲ್ಲ ಎಂದುಕೊಂಡು, ನಾನು ಅದನ್ನು ನನ್ನ ತಮ್ಮನ ಅಂಗಡಿಗೆ ಸಾಗಿಸಿಬಿಟ್ಟಿದ್ದೆ. ಅದು ನಿಂತಿದ್ದ ಖಾಲಿ ಜಾಗದಲ್ಲೇ ಮೊಣಕಾಲೂರಿ ನಿಮ್ಮ ಕೈ ಕೇಳುತ್ತಿದ್ದೆ. ನಿಮ್ಮ ಪತ್ರ ಓದಿ ಹೇಳಿದಾಗ ಅತ್ತೆ, "ಅವ್ನು ಈಗ ಹೇಳ್ತಿದಾನೆ, ನೀನು ಆಗ್ಲೇ ಮಾಡಿ ಮುಗ್ಸಿದೀಯ. ಕೈ ಬಂದ್ಮೇಲೆ ನನ್ನ ಮಗ ನಿನ್ನ ತಲೆ ಮೇಲೆ ಹೊಲೀತಾನಾ?" ಎಂದರು. ನಿನ್ನೆ ತಮ್ಮನ ಜೊತೆ ಜಗಳವಾಡಿ ವಾಪಸ್ ತಂದೆ. ಎಣ್ಣೆ ಹಾಕಿ ಕಿಟಕಿಯ ಬಳಿ ಇಟ್ಟಿದ್ದೇನೆ. ಅಲ್ಲಿ ಈಗ ಮೊಣಕಾಲೂರಲು ಜಾಗವಿಲ್ಲ. ಇವತ್ತು ನಿಂತುಕೊಂಡೇ ಪ್ರಾರ್ಥನೆ ಮಾಡಿದೆ.