ಒಲೆಯ ಹಿಂದಿನ ಗೋಡೆ

ಅಮ್ಮತ್ತಿ
10 ನವೆಂಬರ್ 2024, ಭಾನುವಾರ

ಪ್ರೀತಿಯ ತುಳಸಿ,

ನೀನು, ನಿನ್ನ ಮನೆಯವರು, ಮಕ್ಕಳು ಎಲ್ಲ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ಇಲ್ಲಿ ನಾನು, ನನ್ನ ಮನೆಯವರು, ಮಗು ಮೂವರೂ ಆರೋಗ್ಯವಾಗಿದ್ದೇವೆ. ಆಗಸ್ಟಿನಲ್ಲಿ ನಿನ್ನ ಅವ್ವನ ತಿಥಿಕಾರ್ಯ ಮುಗಿಸಿ ನೀನು ಮಾನಂದವಾಡಿ ಬಸ್ಸು ಹತ್ತಿದ ಮೇಲೆ ನನ್ನಿಂದ ನಿನಗೆ ಒಂದು ಸುದ್ದಿಯೂ ಇಲ್ಲ. ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನೀನು “ಹೇಳು ಕಮಲ” ಎಂದೆ, ನಾನು ನೆಟ್‌ವರ್ಕ್ ಇಲ್ಲ ಎಂದು ಇಟ್ಟುಬಿಟ್ಟೆ. ನೆಟ್‌ವರ್ಕ್ ಇತ್ತು. ಏಳನೇ ಕ್ಲಾಸಿನವರೆಗೆ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತ ಅಕ್ಷರಗಳಿವೆಯಲ್ಲ, ಬಾಯಲ್ಲಿ ಬಾರದ್ದು ಕೈಯಲ್ಲಾದರೂ ಬರಲಿ ಎಂದು ನಿನ್ನೆ ಅಂಗಡಿಯಿಂದ ನೋಟ್‌ಬುಕ್ ತಂದೆ. ಇಷ್ಟು ತಡ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಮಿಲನ್‌ಗೆ ಈಗ ಒಂಬತ್ತು ತಿಂಗಳು. ಗೋಡೆ ಹಿಡಿದು ನಿಲ್ಲುತ್ತಾನೆ. ಎದೆಯ ಗೊರಗೊರ ಪೂರ್ತಿ ಹೋಗಿದೆ. ಸುನಿಲ್ ಕೋಲು ಹಿಡಿದು ನಡೆಯುತ್ತಾರೆ. ಕಾಲಿನೊಳಗಿನ ರಾಡ್ ಇನ್ನೂ ಒಂದು ವರ್ಷ ಇರಬೇಕಂತೆ. ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾದ ಮೇಲೆ ಕಣದಲ್ಲಿ ಕಾವಲು ಕೂರುವ ಕೆಲಸ ಕೊಡುತ್ತೇನೆ ಎಂದು ತೋಟದ ಲೆಕ್ಕ ಬರೆಯುವ ರೈಟರ್ ನವೀನ್‌ಕುಮಾರ್ ಹೇಳಿದ್ದಾರೆ. ಕೂಲಿ ಲೈನಿನಲ್ಲಿ ನಮ್ಮ ಪಕ್ಕದ ನಿಮ್ಮ ಕೋಣೆಯನ್ನು ಸೆಪ್ಟೆಂಬರಿನಲ್ಲಿ ಅಸ್ಸಾಮಿನಿಂದ ಬಂದ ಗಂಡ ಹೆಂಡತಿಗೆ ಕೊಟ್ಟರು. ಒಳ್ಳೆಯ ಜನ. ಅವ್ವನ ಸೀರೆಗಳನ್ನು ಯಾರಿಗಾದರೂ ಕೊಡು ಎಂದು ನೀನು ಹೇಳಿದ್ದೆ. ಇನ್ನೂ ಕೊಟ್ಟಿಲ್ಲ. ನನ್ನ ಟ್ರಂಕಿನಲ್ಲೇ ಇವೆ.

ಬಸ್ ಸ್ಟ್ಯಾಂಡಿನಲ್ಲಿ ನೀನು ನನ್ನ ಕೈ ಹಿಡಿದುಕೊಂಡು, “ಪಕ್ಕದಲ್ಲಿ ನೀನಿದ್ದೆ ಅನ್ನೋದೊಂದೇ ನಂಗೆ ಸಮಾಧಾನ ಕಣೇ. ಕಡೇ ದಿನ ಅವ್ವ ಹೆಂಗಿದ್ಳು?” ಎಂದು ಕೇಳಿದೆ. “ಚೆನ್ನಾಗೇ ಇದ್ಳು” ಎಂದೆ. ನೀನು ನಂಬಿದೆ. ಆವತ್ತಿನಿಂದ ಆ ಒಂದು ಮಾತು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಉಳಿದಿದೆ. ಹೇಗಿದ್ದಳು ಎಂದು ಈಗ ಹೇಳುತ್ತೇನೆ.

ಈ ಸಲದ ಮಳೆ ನಿನಗೂ ಗೊತ್ತು. ಇಲ್ಲಿ ಜುಲೈ ಎರಡನೇ ವಾರ ಕರೆಂಟ್ ಕಂಬ ಬಿದ್ದದ್ದು, ಹನ್ನೆರಡು ದಿನ ಕರೆಂಟ್ ಬರಲಿಲ್ಲ. ತೋಟದಲ್ಲಿ ಕೆಲಸ ನಿಂತಿತು. ಕೆಲಸ ಇಲ್ಲ ಎಂದರೆ ಕೂಲಿಯೂ ಇಲ್ಲ. ಸುನಿಲ್ ಮಾರ್ಚಿನಲ್ಲಿ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡವರು ಆಗಿನ್ನೂ ಮಂಚ ಬಿಟ್ಟು ಏಳುವ ಹಾಗಿರಲಿಲ್ಲ. ಮಿಲನ್‌ಗೆ ಐದು ತಿಂಗಳು. ದಿನ ತುಂಬುವ ಮೊದಲೇ ಹುಟ್ಟಿದ ಮಗು, ಶ್ವಾಸಕೋಶ ಬಲ ಇಲ್ಲ, ತಂಡಿ ತಾಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹೇಗೆ ನೋಡಿಕೊಳ್ಳುವುದು ಎಂದು ಹೇಳಿರಲಿಲ್ಲ. ಗೋಡೆಯಲ್ಲಿ ನೀರು, ಚಾಪೆಯಲ್ಲಿ ನೀರು. ಮಗುವಿನ ಬಟ್ಟೆ ಮೂರು ದಿನವಾದರೂ ಒಣಗುತ್ತಿರಲಿಲ್ಲ.

ಮೊದಲಾದರೆ ಮರಗಸಿಯಲ್ಲಿ ಕಡಿದ ನೆರಳು ಮರದ ಕೊಂಬೆಗಳನ್ನು ಲೈನಿನವರಿಗೇ ಬಿಡುತ್ತಿದ್ದರು. ತೋಟ ಕೈ ಬದಲಾದ ಮೇಲೆ ಒಳ್ಳೆಯ ಸೌದೆಯೆಲ್ಲ ಲಾರಿಯಲ್ಲಿ ಹೋಯಿತು. ನಮಗೆ ಉಳಿದದ್ದು ಹಾಲುವಾಣದ ಹಸಿ ಕೊಂಬೆ. ಅದು ಉರಿಯುವುದಿಲ್ಲ, ಅಳುತ್ತದೆ.

ನಮ್ಮ ಒಲೆಯ ಹಿಂದಿನ ಗೋಡೆಯೇ ನಿಮ್ಮ ಕೋಣೆಯ ಗೋಡೆ. ಚಿಕ್ಕಂದಿನಲ್ಲಿ ನೀನೂ ಅದಕ್ಕೆ ಬೆನ್ನು ಕೊಟ್ಟು ಮಗ್ಗಿ ಓದುತ್ತಿದ್ದೆ. ಕೈ ನಡುಗಲು ಶುರುವಾದ ಮೇಲೆ ಅವ್ವ ತನ್ನ ಒಲೆ ಹಚ್ಚುವುದನ್ನೇ ಬಿಟ್ಟಿದ್ದಳು. ಒಂದು ಹೊತ್ತಿನ ಅನ್ನ ನಾನು ಕೊಡುತ್ತಿದ್ದೆ. ಚಾಪೆಯನ್ನು ಆ ಗೋಡೆಗೆ ಸೇರಿಸಿ ಹಾಸಿಕೊಂಡು, ಸಂಜೆ ನಾನು ಒಲೆ ಹಚ್ಚುವುದನ್ನೇ ಕಾಯುತ್ತಿದ್ದಳು. “ನಿನ್ನ ಒಲೆಯಿಂದ ನನ್ನ ಬೆನ್ನು ಬದುಕಿತು ಮಗಾ. ತುಳಸಿ ಅಪ್ಪ ಇದ್ದಾಗ್ಲೂ ಇಷ್ಟು ಬೆಚ್ಚಗಿರ್ಲಿಲ್ಲ” ಎಂದು ನಗುತ್ತಿದ್ದಳು. ನನ್ನ ತಾಯಿ ಸತ್ತ ವರ್ಷ ನನಗೆ ಉಣ್ಣಿಸಿದ ಕೈ ಅದು. ಲೈನಿನವರಿಗೆ ಅವಳು ಕೆಂಚವ್ವ. ನನಗೆ ಬರೀ ಅವ್ವ.

ಕರೆಂಟ್ ಹೋದ ನಾಲ್ಕನೇ ದಿನ ಒಣ ಸೌದೆ ಮುಗಿಯಿತು. ಸುನಿಲ್ ಬಿದ್ದ ಆ ಬಿದಿರಿನ ಏಣಿ ಶೆಡ್ಡಿನ ಹಿಂದೆ ಒರಗಿತ್ತು. ಅದನ್ನೇ ಕಡಿದು ಒಲೆಗಿಟ್ಟೆ. ಅದು ಎಸ್ಟೇಟಿನ ಏಣಿ. ರೈಟರ್ ಬಾಗಿಲಲ್ಲಿ ನಿಂತು ನೋಡಿ ಹೋದರು. ಮಧ್ಯಾಹ್ನ ಒಂದು ಚೀಲ ಒಣ ಕಾಫಿ ಹೊಟ್ಟು ತಂದಿಟ್ಟು, “ಇಷ್ಟೇ ನನ್ ಕೈಲಾಗೋದು, ಯಾರಿಗೂ ಹೇಳ್ಬೇಡ” ಎಂದು ಹೋದರು. ಅದು ಎರಡು ದಿನ ಬಂತು.

ರೇಷನ್ ಅಂಗಡಿಗೆ ಹೋದರೆ ಬೆರಳು ಇಡುವ ಮೆಷಿನ್‌ಗೆ ಕರೆಂಟ್ ಇಲ್ಲ, ಮುಂದಿನ ವಾರ ಬನ್ನಿ ಎಂದರು. ಪಂಚಾಯಿತಿ ಮೆಂಬರ್ ಬೋಜಮ್ಮನವರ ಮನೆಗೆ ಹೋದೆ. ಒಳಗೆ ಕೂರಿಸಿ ಕಾಫಿ ಕೊಟ್ಟರು.

“ಎಂಥ ಮಾಡೋದು ಕಮಲ. ಮನೆ ಬಿದ್ದವರಿಗೆ, ನೀರು ನುಗ್ಗಿದವರಿಗೆ ಕಾಳಜಿ ಕೇಂದ್ರ ಉಂಟು. ಚಳಿ ಆಗ್ತದೆ ಅಂತ ಬರ್ಕೊಳ್ಳೋಕೆ ಫಾರಂ ಇಲ್ಲ.”

“ಮಗು ಉಸಿರಾಡೋಕೆ ಕಷ್ಟಪಡ್ತಾನೆ ಅಕ್ಕ.”

ಅವರು ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂಬದಿ ಒಂದು ನಂಬರ್ ಬರೆದುಕೊಟ್ಟರು. ಅಮ್ಮತ್ತಿ ಪೇಟೆಯಲ್ಲಿ ಕೆಲವು ಹೆಂಗಸರು ಸೇರಿ ಗ್ಯಾಸ್ ಒಲೆ, ಕಂಬಳಿ, ದಿನಸಿ ಹಂಚುತ್ತಿದ್ದಾರಂತೆ. ಹಾಲು ಕುಡಿಯುವ ಮಗು ಇರುವವರಿಗೆ, ಒಂಟಿ ಮುದುಕರಿಗೆ.

ಮರುದಿನ ಮಗುವನ್ನು ಸುನಿಲ್ ಪಕ್ಕದಲ್ಲಿ ಮಲಗಿಸಿ, ಅವ್ವನಿಗೆ ಆಗಾಗ ಬಂದು ನೋಡಲು ಹೇಳಿ, ನಡೆದುಕೊಂಡೇ ಪೇಟೆಗೆ ಹೋದೆ. ಸಭಾಂಗಣದಲ್ಲಿ ಜನ ಸಾಲಾಗಿ ನಿಂತಿದ್ದರು, ಎಲ್ಲರ ಕೊಡೆಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೇಳುವುದು ಅಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ ತುಳಸಿ. ಕೆಲಸ ಮಾಡಿ ಕೂಲಿ ಕೇಳಿದ ಬಾಯಿಗೆ ಬರಿದೇ ಕೇಳಿ ಅಭ್ಯಾಸ ಇರಲಿಲ್ಲ. ಶ್ವೇತ ಎಂಬ ಚಿಕ್ಕ ವಯಸ್ಸಿನ ಮೇಡಂ ಹೆಸರು, ಲೈನು, ಮಗುವಿನ ವಯಸ್ಸು ಬರೆದುಕೊಂಡು, “ನಾವೇ ಜೀಪಲ್ಲಿ ಬರ್ತೀವಿ, ನೀವು ಮಗು ಹತ್ರ ಹೋಗಿ” ಎಂದರು. ಅವರು ಅಷ್ಟು ಮೆತ್ತಗೆ ಹೇಳಿದ್ದಕ್ಕೆ ನನಗೆ ಅಳು ಬಂತು.

ಎರಡನೇ ದಿನ ಮಧ್ಯಾಹ್ನ ಜೀಪು ಬಂತು. ಒಂದು ಗ್ಯಾಸ್ ಒಲೆ, ಸಣ್ಣ ಸಿಲಿಂಡರ್, ಎರಡು ಕಂಬಳಿ, ಅಕ್ಕಿ ಬೇಳೆ ಎಣ್ಣೆ. ಬಾಗಿಲ ಹತ್ತಿರ ಕಲ್ಲಿನ ಮೇಲೆ ಒಲೆ ಇಟ್ಟು ಹಚ್ಚಿ ತೋರಿಸಿದರು. ಸೌದೆ ಒಲೆಯ ಹತ್ತಿರ ಸಿಲಿಂಡರ್ ಇಡಬೇಡಿ ಎಂದರು. ನೀಲಿ ಬೆಂಕಿ, ಹೊಗೆಯೇ ಇಲ್ಲ. ನೀರು ಕಾಯಿಸಿ ಮಗುವಿನ ಮೈ ಒರೆಸಿದೆ, ಬಟ್ಟೆ ಒಣಗಿಸಿದೆ. ಒಂದು ಕಂಬಳಿ ಅವನಿಗೆ, ಒಂದು ಸುನಿಲ್‌ಗೆ. ಆ ಸಂಜೆ ಮಗು ಗೊರಗುಟ್ಟದೆ ಹಾಲು ಕುಡಿದ. ನಾನು ಅಷ್ಟು ಸಂತೋಷವಾಗಿದ್ದದ್ದು ನನ್ನ ಮದುವೆಯ ದಿನವೂ ಇಲ್ಲ.

ಅವ್ವನಿಗೆ ಅನ್ನ ಸಾರು ತೆಗೆದುಕೊಂಡು ಹೋದೆ. “ಗ್ಯಾಸ್ ಬಂತು ಅವ್ವ” ಎಂದೆ. “ಒಳ್ಳೇದಾಯ್ತು, ಕೂಸಿಗೆ ಹೊಗೆ ತಪ್ಪಿತು” ಎಂದಳು.

ನಾಲ್ಕು ದಿನ ನಾನು ಸೌದೆ ಒಲೆ ಹಚ್ಚಲಿಲ್ಲ. ಹಚ್ಚಲು ಒಣ ಸೌದೆ ಇರಲಿಲ್ಲ ಎಂಬುದು ನಿಜ. ಹಸಿ ಕೊಂಬೆ ಇಟ್ಟರೆ ಮಗುವಿಗೆ ಕಷ್ಟ ಎಂಬುದೂ ನಿಜ. ಆದರೆ ಗೋಡೆ ತಣ್ಣಗಾಗಿದೆ ಎಂದು ನನಗೆ ಗೊತ್ತಿತ್ತು. ಎರಡನೇ ದಿನ ಅನ್ನ ಕೊಡಲು ಹೋದಾಗ ಅವ್ವ ಇದ್ದಬದ್ದ ಸೀರೆಗಳನ್ನೆಲ್ಲ ಒಂದರ ಮೇಲೊಂದು ಸುತ್ತಿಕೊಂಡು ಕೂತಿದ್ದಳು. ಚಾಪೆ ಮಾತ್ರ ಆ ಗೋಡೆ ಬಿಟ್ಟು ಕದಲಿರಲಿಲ್ಲ. ಒಳಗೆ ಬಾ, ನಮ್ಮ ಜೊತೆ ಮಲಗು ಎನ್ನಬಹುದಿತ್ತು. ಒಂದು ಕಂಬಳಿ ತಂದು ಹೊದಿಸಬಹುದಿತ್ತು. ತಟ್ಟೆ ಇಟ್ಟು ತಲೆ ತಗ್ಗಿಸಿಕೊಂಡು ಬಂದೆ.

ಐದನೇ ದಿನ ಬೆಳಿಗ್ಗೆ ಕಾಫಿ ಕೊಡಲು ಬಾಗಿಲು ತಳ್ಳಿದೆ. ಗೋಡೆಗೆ ಬೆನ್ನು ಕೊಟ್ಟು, ಮಂಡಿ ಮೇಲೆ ಗಲ್ಲ ಇಟ್ಟುಕೊಂಡು ಕೂತಿದ್ದಳು. ಮುಟ್ಟಿದರೆ ಗೋಡೆಯೂ ಅವಳೂ ಒಂದೇ ತಣ್ಣಗೆ. ಹಿಂದಿನ ಸಂಜೆಯ ಅನ್ನ ಹಾಗೇ ಇತ್ತು. ಡಾಕ್ಟರು ಹೃದಯ ನಿಂತಿದೆ ಎಂದರು. ವಯಸ್ಸಾಗಿತ್ತು ಎಂದು ಲೈನಿನವರು ಎಂದರು. ನೀನು ಬಂದಾಗ ನಾನೂ ಅದನ್ನೇ ಎಂದೆ.

ಈಗ ಕರೆಂಟ್ ಇದೆ, ಸಿಲಿಂಡರ್ ಇದೆ, ಮಳೆ ಹೋಗಿದೆ. ಆದರೂ ಸಂಜೆಯಾದರೆ ನಾನು ಸೌದೆ ಒಲೆ ಹಚ್ಚುತ್ತೇನೆ. “ಯಾರಿಗೆ ಅಂತ ಉರಿಸ್ತೀಯ?” ಎಂದು ಸುನಿಲ್ ಮೊದಮೊದಲು ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ಅವ್ವ ಹೋದ ಮೇಲೆ ನಿಮ್ಮ ಕೋಣೆಗೆ ಒಂದು ತಿಂಗಳು ಬೀಗ ಹಾಕಿತ್ತು. ಆ ತಿಂಗಳು ಒಲೆ ಹಚ್ಚಿ ಗೋಡೆ ಬಿಸಿಯಾಗುತ್ತಿದ್ದಂತೆ ಆಚೆ ಕಡೆ ಯಾರೋ ಬೆನ್ನು ಸರಿಸಿ ಕೂತ ಹಾಗೆ, ಸೀರೆ ಗೋಡೆಗೆ ಉಜ್ಜಿದ ಹಾಗೆ ಕೇಳುತ್ತಿತ್ತು. ಇಲಿ ಎಂದುಕೊಂಡೆ. ಬೀಗದ ಕೈ ಇಸಿದುಕೊಂಡು ಹೋಗಿ ನೋಡಿದೆ. ಒಂದು ಇಲಿ ಬಿಲವೂ ಇರಲಿಲ್ಲ. ಗೋಡೆಯ ಸುಣ್ಣದ ಮೇಲೆ ಅವ್ವನ ಬೆನ್ನು ತಾಗಿ ತಾಗಿ ಕಂದಾದ ಗುರುತು ಇತ್ತು. ಅಸ್ಸಾಮಿನವರು ಬಂದ ಮೇಲೆ ಅದಕ್ಕೆ ಸುಣ್ಣ ಹೊಡೆದರು. ಆ ಹೆಂಗಸು ಒಂದು ದಿನ ಹೊಸದಾಗಿ ಕಲಿತ ಕನ್ನಡದಲ್ಲಿ, “ಅಕ್ಕ, ಗೋಡೆ ಬಿಸಿ. ಚೆನ್ನಾಗುಂಟು” ಎಂದಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಪಾಪ, ಏನು ತಪ್ಪು ಹೇಳಿದೆನೋ ಎಂದು ಹೆದರಿಕೊಂಡಳು.

ಇಷ್ಟನ್ನು ನಿನಗೆ ಹೇಳಬೇಕಿತ್ತು. ನನ್ನನ್ನು ಬೈಯಬೇಕು ಎನಿಸಿದರೆ ಬೈ. ಇನ್ನು ಮಾತಾಡುವುದೇ ಬೇಡ ಎನಿಸಿದರೆ ಅದೂ ಸರಿ. ಸೀರೆಗಳನ್ನು ನೀನು ಬಂದು ತೆಗೆದುಕೊಂಡು ಹೋಗುವ ತನಕ ಒಗೆದು, ಒಣಗಿಸಿ ಇಟ್ಟಿರುತ್ತೇನೆ. ನಿನ್ನ ಮಕ್ಕಳಿಗೆ ಒಳ್ಳೆಯ ವಿದ್ಯೆ ಬರಲಿ, ಅವರ ತಲೆ ಮೇಲೆ ಸೋರದ ಸೂರು ಇರಲಿ. ಯಾರ ಬಾಗಿಲಲ್ಲೂ ಕೈಯೊಡ್ಡಿ ನಿಲ್ಲುವ ದಿನ ನಿನಗೆ ಬಾರದಿರಲಿ.

ನಿನ್ನ
ಕಮಲ

ಮರೆತ ಮಾತು: ಮರೆತದ್ದಲ್ಲ ತುಳಸಿ. ಕವರಿಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ಜೀಪು ಬೇರೆ ಲೈನುಗಳನ್ನೆಲ್ಲ ಮುಗಿಸಿ ಕೊನೆಗೆ ನಮ್ಮಲ್ಲಿಗೆ ಬಂದಿತ್ತು. ಶ್ವೇತ ಮೇಡಂ ನಮ್ಮ ಹೊಸ್ತಿಲಲ್ಲಿ ನಿಂತು, ಮುಚ್ಚಿದ್ದ ನಿಮ್ಮ ಬಾಗಿಲು ತೋರಿಸಿ, “ಪಕ್ಕದಲ್ಲಿ ಯಾರಿದ್ದಾರೆ? ಒಂದೇ ಒಲೆ ಉಳಿದಿರೋದು, ಒಂಟಿ ವಯಸ್ಸಾದವರು ಇದ್ರೆ ಮೊದಲು ಅವರಿಗೆ ಕೊಡಬೇಕು. ನಿಮಗೆ ಮುಂದಿನ ವಾರ ತಂದ್ಕೊಡ್ತೀವಿ” ಎಂದರು. ಮಗು ನನ್ನ ಹೆಗಲ ಮೇಲೆ ಉಸಿರಿಗೆ ಒದ್ದಾಡುತ್ತಿದ್ದ. ನಾನು, “ಒಬ್ರು ಅಜ್ಜಿ ಇದ್ರು, ಮಳೆಗೆ ಮಗಳ ಮನೆಗೆ ಹೋಗಿದ್ದಾರೆ” ಎಂದೆ. ನಿನ್ನ ಮನೆಗೆ ಎಂದೆ.

ಲೈನಿನ ಗೋಡೆ ನಿನಗೆ ಗೊತ್ತು. ಆಚೆ ಪಿಸುಗುಟ್ಟಿದರೆ ಈಚೆ ಕೇಳುತ್ತದೆ. ಆ ಮಳೆಯಲ್ಲಿ ಅವ್ವನಿಗೆ ಉಸಿರಿಗೊಂದು ಕೆಮ್ಮು. ಅವರು ಒಲೆ ಜೋಡಿಸಿ, ನನ್ನ ಸಹಿ ಹಾಕಿಸಿಕೊಂಡು, ಮಗುವಿನ ಕೆನ್ನೆ ಮುಟ್ಟಿ ಹೊರಡುವವರೆಗೆ ಅರ್ಧ ಗಂಟೆಯಾದರೂ ಆಗಿರಬೇಕು. ಅಷ್ಟು ಹೊತ್ತೂ ಆಚೆಯಿಂದ ಒಂದು ಸದ್ದಿಲ್ಲ. ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡೆ.

ಆ ಸಂಜೆ ಅವ್ವ ಹೇಳಿದ್ದರಲ್ಲಿ ಅರ್ಧವನ್ನು ಮಾತ್ರ ಮೇಲೆ ಬರೆದಿದ್ದೇನೆ. ಅನ್ನದ ತಟ್ಟೆ ಇಟ್ಟು ಏಳುತ್ತಿದ್ದೆ. ಅವ್ವ ನನ್ನ ಕೈ ಹಿಡಿದು ಕೂರಿಸಿದಳು. ಕಣ್ಣು ಕೆಂಪಾಗಿತ್ತು, ಸೆರಗಿನ ತುದಿ ಒದ್ದೆಯಾಗಿತ್ತು. ಗುಟ್ಟು ಹೇಳುವವಳ ಹಾಗೆ ಹತ್ತಿರ ಬಗ್ಗಿ ಹೇಳಿದಳು:

“ಆ ಮೇಡಂ ಹೋಗೋ ತನಕ ಬಾಯಿಗೆ ಸೆರಗು ತುರುಕ್ಕೊಂಡು ಕೂತಿದ್ದೆ ಮಗಾ. ಒಂದು ಸಲನೂ ಕೆಮ್ಮಲಿಲ್ಲ.”