ಸುಲಭ ಎಂದು ಬರೆದ ಗುಡ್ಡದ ದಾರಿ

ರೋಹಿಣಿ,

ನಾನು ಮಗ್ಗಕ್ಕೆ ಹೊರಟೆ. ರೊಟ್ಟಿ, ಬದನೆಕಾಯಿ ಪಲ್ಯ ಮುಚ್ಚಿಟ್ಟಿದ್ದೇನೆ. ಉಣ್ಣುವ ಮೊದಲು ಅಜ್ಜಿಯ ಕಾಲು ನೋಡು. ನಿನ್ನೆ ಕಪ್ಪತಗುಡ್ಡದಲ್ಲಿ ನೀನು ಹತ್ತಿಸಿದ ‘ಸುಲಭ ದಾರಿ’ಯಲ್ಲಿ ಎರಡೂ ಅಂಗಾಲು ಸುಲಿದಿವೆ. ದೇವರ ಗುಡ್ಡವೆಂದು ಹತ್ತುವಾಗ ಅವರು ಚಪ್ಪಲಿ ಮೆಟ್ಟುವುದಿಲ್ಲ ಎಂಬುದು ನಿನಗೆ ಗೊತ್ತಿರಲಿಲ್ಲವೇ? ನಾನು ಕೇಳಿದರೆ, “ಹುಡುಗಿಗೆ ಬೈಬ್ಯಾಡವಾ, ಹಳೇ ಬಿರುಕು ಐತಿ ಇದು” ಎಂದು ಸುಳ್ಳು ಹೇಳಿದರು. ನನಗೆ ಸಿಟ್ಟು ಇನ್ನೂ ಇಳಿದಿಲ್ಲ.

ಎಣ್ಣೆಗೆ ಅರಿಸಿನ ಹಾಕಿ ಬೆಚ್ಚಗೆ ಮಾಡಿ ಹಚ್ಚು. ಉರಿದರೂ ಅವರು ಹೇಳುವುದಿಲ್ಲ, ಮೆಲ್ಲಗೆ ಹಚ್ಚು.

ಭಾನುವಾರ ಓಣಿಯ ಹೆಂಗಸರನ್ನು ಅದೇ ದಾರಿಯಲ್ಲಿ ಕರೆದೊಯ್ಯಲು ‘ಸುಲಭ ದಾರಿ’ ಎಂದು ಬರೆದು ಫೋನಿನ ಗುಂಪಿನಲ್ಲಿ ಹೆಸರಿನ ಪಟ್ಟಿ ಹಾಕಿದ್ದೀಯಲ್ಲ, ಅದನ್ನು ಇವತ್ತೇ ತೆಗೆ. ಮೊದಲು ಆ ದಾರಿಯನ್ನು ನೀನು ಬರಿಗಾಲಲ್ಲಿ ಹತ್ತು. ಅದು ಯಾರಿಗೆ ಸುಲಭ ಎಂದು ಆಮೇಲೆ ಬರೆ.

ಅವ್ವ